ಎರಡು ಕೊಂಡಿಯ ಬಾಗಿಲು

"ಸರ್, ನೀವು ಬರ್ತಿರೋದು ಇದು ಮೂರನೇ ಸಲ" ಎಂದಳು ಶೋರೂಮಿನ ಹುಡುಗಿ.

ಏಣಿ ಆಗ ಬಿಳಿ ಪಿಕಪ್ಪಿನ ಹಿಂದೆ ಮಂಡಿಯೂರಿ ಕೂತು, ಕೆಳಗಿಳಿಸಿದ ಹಿಂಬಾಗಿಲಿನ ಒಂದು ತುದಿಯ ಕೊಂಡಿಯೊಳಗೆ ಬೆರಳು ತೂರಿಸಿ ನೋಡುತ್ತಿದ್ದ. ಬೆರಳು ತೆಗೆದು ಪ್ಯಾಂಟಿಗೆ ಒರೆಸಿಕೊಂಡು ಎದ್ದು ನಿಂತ. ಅವನು ಎದ್ದು ನಿಲ್ಲುವುದೆಂದರೆ ಒಂದೇ ಏಟಿಗೆ ಮುಗಿಯುವ ಕೆಲಸವಲ್ಲ. ಆರಡಿಯ ಮೇಲೆ ಇನ್ನೂ ಮೂರು ಬೆರಳು ಹೆಚ್ಚಿನ ಆಳು. ಕೆಲಸದ ಕಡೆ ಎಲ್ಲರಿಗೂ ಅವನು ಏಣಿ. ಮದುವೆಯಾದ ಮೇಲೆ ಆ ಹೆಸರು ಹೇಗೋ ಹೆಂಡತಿಯ ತವರಿಗೂ ತಲುಪಿ, ಭಾವಮೈದುನನಂತೂ "ಏಣಿ ಭಾವ" ಎಂದೇ ಬಾಯಿ ತುಂಬ ಕರೆಯುತ್ತಿದ್ದ.

"ನಮ್ಮ ಮಾಲೀಕರು ಹೊಸ ಗಾಡಿ ತಗೋಬೇಕು ಅಂತಿದಾರೆ. ಹಿಂದಿನ ಡೋರು ಸರಿಯಾಗಿ ನೋಡ್ಕೊಂಡು ಬಾ ಅಂದಿದಾರೆ" ಎಂದ. ಮೊದಲೆರಡು ಸಲವೂ ಹೇಳಿದ್ದು ಇದೇ ಸುಳ್ಳು.

ಹುಡುಗಿ ನಕ್ಕಳು. ಬಂದವರೆಲ್ಲ ಎಂಜಿನ್ನು ಕೇಳುತ್ತಾರೆ, ಲೀಟರಿಗೆ ಎಷ್ಟು ಓಡುತ್ತದೆ ಎಂದು ಕೇಳುತ್ತಾರೆ. ಬರೀ ಬಾಗಿಲಿಗಾಗಿ ಮೂರು ಸಲ ಬಂದವರನ್ನು ತಾನು ಕಂಡಿಲ್ಲ ಎಂದಳು. ಆದರೆ ಬೇಸರಿಸಿಕೊಳ್ಳುವವಳಲ್ಲ. ಕೈಯಲ್ಲಿದ್ದ ಬಣ್ಣದ ಪುಸ್ತಕವನ್ನು ಎದೆಗವಚಿಕೊಂಡು ಒಂದೊಂದೇ ಗಾಡಿಯ ಹಿಂದೆ ನಿಂತು ಮತ್ತೆ ಮೊದಲಿನಿಂದ ಶುರುಮಾಡಿದಳು. ಬೂದು ಬಣ್ಣದ್ದರ ಬಾಗಿಲು ಕೈ ಬಿಟ್ಟರೂ ದಡಕ್ಕನೆ ಬೀಳುವುದಿಲ್ಲ. ವಯಸ್ಸಾದವರು ಕುರ್ಚಿಗೆ ಕೂರುವ ಹಾಗೆ ಮೆಲ್ಲಗೆ ಇಳಿಯುತ್ತದೆ, ಒಳಗಿಂದ ಇನ್ನೊಂದು ಚಿಕ್ಕ ಬಾಗಿಲು ಮಡಚಿಕೊಂಡು ಮೆಟ್ಟಿಲಾಗುತ್ತದೆ. ಕಪ್ಪು ಗಾಡಿಯದ್ದು ನಡುವೆ ಸೀಳಿಕೊಂಡು ಬೀರುವಿನ ಬಾಗಿಲಿನಂತೆ ಎರಡು ಕಡೆಗೂ ತೆರೆಯುತ್ತದೆ, ಹೊರೆ ಇಳಿಸುವವನು ಸೀದಾ ಗಾಡಿಯ ಎದೆಗೆ ಹೋಗಿ ನಿಲ್ಲಬಹುದು. ಕೆಂಪು ಗಾಡಿಯದ್ದಕ್ಕೆ ಕೈಯೇ ಬೇಡ. ಬೀಗದಕೈಯಲ್ಲಿ ಗುಂಡಿ ಒತ್ತಿದರೆ ತಾನೇ ಇಳಿಯುತ್ತದೆ, ತಾನೇ ಏಳುತ್ತದೆ, ಮುಚ್ಚಿಕೊಂಡಾದ ಮೇಲೆ ಒಳಗೊಂದು ಮೋಟಾರು ಅದನ್ನು ಎಳೆದು ಬಿಗಿಮಾಡುತ್ತದೆ. ಕೊನೆಗೆ ಈ ಬಿಳಿಯದು. ಎಲ್ಲಕ್ಕಿಂತ ಸಾದಾ. ಎರಡು ಉಕ್ಕಿನ ಹಗ್ಗಕ್ಕೆ ತೂಗಿಬಿದ್ದ ಒಂದು ಹಲಗೆ, ನಡುವೆ ಒಂದು ಹಿಡಿ, ಎರಡು ತುದಿಗೆ ಎರಡು ಕೊಂಡಿ.

ಏಣಿ ಒಂಬತ್ತು ವರ್ಷ ಓಡಿಸಿದ್ದು ಇದನ್ನೇ, ಇದರ ಹಳೆಯ ಮಾದರಿಯನ್ನು. ಈಗ ಅದು ಪೊಲೀಸ್ ಠಾಣೆಯ ಅಂಗಳದಲ್ಲಿ ನಿಂತಿತ್ತು.

ಇಪ್ಪತ್ತೆರಡು ದಿನದ ಹಿಂದೆ, ರಜೆಯ ದಿನ ಬೆಳಿಗ್ಗೆ, ಅವನು ಅತ್ತೆಯ ಮನೆ ಸಾಮಾನು ಸಾಗಿಸಿದ್ದ. ಅತ್ತೆ ಮತ್ತು ಭಾವಮೈದುನ ಇದ್ದ ಕಟ್ಟಡವನ್ನು ಕೆಡವುವುದಿತ್ತು. ಮಗಳ ಮನೆಯಿಂದ ಎರಡು ಬೀದಿ ಆಚೆ ಎರಡು ಕೋಣೆ ಸಿಕ್ಕಿದ್ದವು. ಅವನು ಕೆಲಸಕ್ಕಿದ್ದ ಪೀಠೋಪಕರಣದ ಅಂಗಡಿಯ ಮಾಲೀಕರು, ಒಂದು ದಿನದ ಮಟ್ಟಿಗೆ ಗಾಡಿ ತಗೊಂಡು ಹೋಗು ಎಂದಿದ್ದರು. ಎಲ್ಲ ಹೇರಿದ ಮೇಲೆ ಉಳಿದದ್ದು ಅತ್ತೆಯ ಮದುವೆ ಕಾಲದ ಕಬ್ಬಿಣದ ಬೀರು. ಹಗ್ಗ ಸಾಲಲಿಲ್ಲ. ಭಾವಮೈದುನ ಬೇಕರಿಯಲ್ಲಿ ಒಲೆಯ ಮುಂದೆ ದುಡಿಯುವವನು, ಭುಜ ಗಟ್ಟಿ, ನಗು ಅದಕ್ಕಿಂತ ಗಟ್ಟಿ. "ನಾನೇ ಹಿಂದೆ ಕೂತು ಹಿಡ್ಕೋತೀನಿ ಬಿಡಿ ಭಾವ" ಎಂದು ಹತ್ತಿಯೇಬಿಟ್ಟ. ಒಂಬತ್ತು ವರ್ಷದಲ್ಲಿ ಒಂದು ದಿನವೂ ಹಿಂದೆ ಜನರನ್ನು ಕೂರಿಸಿಕೊಳ್ಳದ ಏಣಿ ಅಂದು ಬೇಡವೆನ್ನಲಿಲ್ಲ. ಹತ್ತಿರದ ದಾರಿ, ರಜೆಯ ದಿನ, ಖಾಲಿ ರಸ್ತೆ. ಸೇತುವೆಯ ಏರು ಹತ್ತುವಾಗ ಹಿಂದೆ ಏನೋ ಕಳಚಿದ ಸದ್ದಾಯಿತು. ಕನ್ನಡಿಯಲ್ಲಿ ನೋಡಿದರೆ ಬೀರು ಇರಬೇಕಾದ ಜಾಗದಲ್ಲಿ ಆಕಾಶವಿತ್ತು.

ಬೀರುವಿನ ಕೆಳಗೆ ಸಿಕ್ಕಿದ ಭಾವಮೈದುನ ಆಸ್ಪತ್ರೆಗೆ ತಲುಪುವವರೆಗೂ ಉಳಿಯಲಿಲ್ಲ. ಇಪ್ಪತ್ತೊಂಬತ್ತು ವರ್ಷ.

"ಹಿಂದಿನ ಡೋರು ಯಾರು ಹಾಕಿದ್ದು?" ಎಂದು ಪೊಲೀಸರು ಕೇಳಿದಾಗ ಏಣಿ "ನಾನೇ" ಎಂದಿದ್ದ. ಯೋಚಿಸಿ ಹೇಳಿದ ಮಾತಲ್ಲ. ಒಂಬತ್ತು ವರ್ಷ ದಿನಕ್ಕೆ ಇಪ್ಪತ್ತು ಸಲ ಆ ಬಾಗಿಲು ಹಾಕಿದವನು ಅವನು, ಮತ್ಯಾರು ಹಾಕುತ್ತಾರೆ? ಆಸ್ಪತ್ರೆಯಲ್ಲೂ ಅದನ್ನೇ ಹೇಳಿದ, ಮಾಲೀಕರಿಗೂ ಹೇಳಿದ, ನೆಲಕ್ಕೆ ಕುಸಿದು ಕೂತಿದ್ದ ಅತ್ತೆಯ ಮುಂದೆಯೂ ಹೇಳಿದ. ನಾನೇ ಹಾಕಿದ್ದು, ಸರಿಯಾಗಿಯೇ ಹಾಕಿದ್ದು.

ನಾಲ್ಕನೆಯ ದಿನ ಸ್ನಾನ ಮಾಡುತ್ತಿದ್ದಾಗ, ಬಾಗಿಲು ಹಾಕಿದ್ದು ತನಗೆ ನೆನಪೇ ಇಲ್ಲ ಎಂಬುದು ಹೊಳೆಯಿತು. ಕೈಗೆ ನೆನಪಿರಲಿಲ್ಲ. ಸದ್ದು ಮಾತ್ರ ನೆನಪಿತ್ತು. ಬಾಗಿಲು ಮುಚ್ಚಿಕೊಂಡ ಸದ್ದು, ಗಾಡಿಯ ಮೈಯನ್ನು ಎರಡು ಸಲ ತಟ್ಟಿದ ಸದ್ದು, ಆಮೇಲೆ ಗೇರು. ಆ ಸದ್ದಿಗೆ ತನ್ನ ಕೈಗಳನ್ನು ಜೋಡಿಸಲು ಎಷ್ಟು ಹೆಣಗಿದರೂ ಅವು ಬಂದು ಕೂರಲಿಲ್ಲ. ಮೈಮೇಲೆ ನೀರು ಸುರಿಯುತ್ತಿದ್ದ ಹಾಗೇ ನಿಂತುಬಿಟ್ಟ.

ಅಂದಿನಿಂದ ಅವನಿಗೆ ಒಂದೇ ಹುಚ್ಚು. ಆ ಬಾಗಿಲು ತಾನಾಗಿಯೇ ಬಿಚ್ಚಿಕೊಳ್ಳುವಂಥದ್ದು ಎಂದು ಎಲ್ಲಾದರೂ, ಯಾರಿಂದಲಾದರೂ ಗೊತ್ತಾಗಬೇಕು. ಲೈಸೆನ್ಸು ಠಾಣೆಯಲ್ಲಿತ್ತು, ಕೆಲಸವಿರಲಿಲ್ಲ. ಆದರೂ ಬೆಳಿಗ್ಗೆ ಎಂಟಕ್ಕೆ ಅಂಗಿ ತೊಟ್ಟು ಹೊರಡುತ್ತಿದ್ದ. ಮನೆಯಲ್ಲಿ ಇರುವಂತಿರಲಿಲ್ಲ. ಅತ್ತೆ ಹೊಸ ಕೋಣೆಗೆ ಹೋಗದೆ ಮಗಳ ಮನೆಯ ಮಂಚವನ್ನೇ ಹಿಡಿದಿದ್ದರು. ಅಳಿಯನ ಜೊತೆ ಅವರು ಮಾತಾಡುತ್ತಿರಲಿಲ್ಲ, ಗೋಡೆಯ ಜೊತೆ ಮಾತಾಡುತ್ತಿದ್ದರು. "ಹಿಂದೆ ಕೂರಿಸಿದರು. ಬಾಗಿಲೂ ನೋಡಲಿಲ್ಲ" ಎಂದು ಗೋಡೆಗೆ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಷ್ಟನ್ನೇ ಹೇಳುತ್ತಿದ್ದರು. ಹೆಂಡತಿ ಅದನ್ನೂ ಹೇಳುತ್ತಿರಲಿಲ್ಲ. ತಟ್ಟೆ ಮುಂದಿಟ್ಟು ಹೋಗಿಬಿಡುತ್ತಿದ್ದಳು. ಇಪ್ಪತ್ತೆರಡು ದಿನದಲ್ಲಿ ಅವಳು ಒಮ್ಮೆಯೂ ಅವನ ಮುಖ ನೋಡಿರಲಿಲ್ಲ. ತಮ್ಮನನ್ನು ಕೊಂದವನ ಮುಖ ಯಾರು ತಾನೇ ನೋಡುತ್ತಾರೆ ಎಂದು ಅವನು ಊಟವನ್ನು ಬೇಗ ಬೇಗ ನುಂಗಿ ಏಳುತ್ತಿದ್ದ.

ಹೀಗೆ ಶೋರೂಮುಗಳನ್ನು ಸುತ್ತಿದ. ಮಾರುಕಟ್ಟೆಯ ಪಾರ್ಕಿಂಗಿನಲ್ಲಿ ನಿಂತ ಪಿಕಪ್ಪುಗಳ ಬಾಗಿಲನ್ನು ಎಳೆದು, ಎತ್ತಿ, ಜಗ್ಗಿ ನೋಡಿದ. ಒಂದು ದಿನ ಕಾವಲಿನವನು ಕೊರಳಪಟ್ಟಿ ಹಿಡಿದ. ಬಾಗಿಲು ನೋಡುತ್ತಿದ್ದೆ ಎಂದರೆ, ಒಳಗಿರೋದನ್ನ ಬಿಟ್ಟು ಬರೀ ಬಾಗಿಲು ನೋಡೋ ಕಳ್ಳ ನೀನೊಬ್ಬನೇ ಎಂದು ನಗಾಡಿ ದಬ್ಬಿದ. ಏಣಿಗೆ ಅವಮಾನವೂ ಆಗಲಿಲ್ಲ. ಆಚೆ ಬೀದಿಯಲ್ಲಿ ಇನ್ನೊಂದು ಪಿಕಪ್ಪು ನಿಂತಿತ್ತು, ಅಲ್ಲಿಗೆ ನಡೆದ.

ಗುಜರಿ ಗಾಡಿಗಳ ಅಂಗಳದಲ್ಲಿ ಬಾಗಿಲು ರಿಪೇರಿಯ ಮುದುಕನೊಬ್ಬ ಸಿಕ್ಕ. ಅವನ ಕನ್ನಡಕಕ್ಕೆ ಒಂದೇ ಗಾಜು. ಏಣಿ ಮಾದರಿಯ ಹೆಸರು ಹೇಳಿ ಮುಗಿಸುವ ಮೊದಲೇ ಮೂಲೆಯಲ್ಲಿ ಬಿದ್ದಿದ್ದ ಅಂಥದೇ ಗಾಡಿಯ ಹಿಂದಿನ ಅರ್ಧಕ್ಕೆ ಕರೆದುಕೊಂಡು ಹೋಗಿ ಬಾಗಿಲನ್ನು ಎತ್ತಿ ಹಾಕಿ ತೋರಿಸಿದ.

"ನಡುವೆ ನಿಂತು ಎರಡು ಕೈಲಿ ಒತ್ತಿದ್ರೆ ಎರಡು ಕೊಂಡಿನೂ ಕಚ್ಚುತ್ತೆ. ಪಕ್ಕದಲ್ಲಿ ನಿಂತು ಮೂಲೆಗೆ ಕೈ ಕೊಟ್ಟು ತಳ್ಳಿದ್ಯೋ, ಆ ಕಡೇದು ಮಾತ್ರ ಕಚ್ಚುತ್ತೆ. ನೋಡೋಕೆ ಮುಚ್ಚಿದ ಹಾಗೇ ಇರುತ್ತೆ. ಮಟ್ಟದ ರಸ್ತೇಲಿ ಏನೂ ಆಗಲ್ಲ. ಏರಿನಲ್ಲಿ ಭಾರ ಹಿಂದಕ್ಕೆ ಬಿತ್ತು ಅಂದ್ರೆ ಮುಗೀತು."

ಏಣಿಗೆ ಆ ಮುದುಕನ ಎಣ್ಣೆ ಮೆತ್ತಿದ ಕೈಯನ್ನು ಹಿಡಿದುಕೊಳ್ಳಬೇಕು ಎನಿಸಿತು. ಬಾಗಿಲಿನ ತಪ್ಪು. ಹುಡುಕಿದ್ದು ಸಿಕ್ಕಿತ್ತು. ಅಷ್ಟರಲ್ಲಿ ಮುದುಕ ಅವನನ್ನು ಕಾಲಿನಿಂದ ತಲೆಯವರೆಗೆ ಅಳೆದು, "ನಿನ್ನಂಥ ಉದ್ದದ ಆಳಿಗೆ ಈ ತಾಪತ್ರಯ ಇಲ್ಲಪ್ಪ. ಕುಳ್ಳಗಿರೋರಿಗೆ ತೆರೆದ ಬಾಗಿಲಿನ ಆಚೆ ಕೈ ಎಟುಕಲ್ಲ ನೋಡು, ಅವರು ಪಕ್ಕಕ್ಕೆ ಬಂದೇ ಎತ್ತೋದು" ಎಂದ.

ಅದೂ ನಿಜವೇ. ಏಣಿ ಎಂದೂ ಮೂಲೆಗೆ ಕೈ ಹಾಕಿದವನಲ್ಲ. ನಡುವೆ ನಿಂತು ಎರಡು ಅಂಗೈಯಲ್ಲಿ ಒತ್ತಿ, ಮೇಲೊಂದು ಸಲ ಸೊಂಟದಿಂದ ಗುದ್ದುವುದು ಅವನ ರೂಢಿ. ಹಾಗೆ ಮಾಡಿದ್ದರೆ ಬಾಗಿಲು ಬಿಚ್ಚಿಕೊಳ್ಳುವ ಮಾತೇ ಇರಲಿಲ್ಲ. ಬಿಚ್ಚಿಕೊಂಡಿತ್ತು. ಎರಡು ದಿನ ಈ ಗಾಣದಲ್ಲೇ ಸುತ್ತಿದ. ಮೂರನೆಯ ದಿನ, ಬುಧವಾರ, ಕಾಲು ಮತ್ತೆ ಇದೇ ಶೋರೂಮಿಗೆ ಎಳೆದು ತಂದಿತ್ತು. ಶುಕ್ರವಾರ ತನಿಖಾಧಿಕಾರಿಯ ಮುಂದೆ ಹೇಳಿಕೆ ಕೊಡಬೇಕಿತ್ತು.

"ಮೇಡಂ, ಒಂದು ಉಪಕಾರ ಆಗಬೇಕು" ಎಂದ ಹುಡುಗಿಗೆ. "ನಾನು ಮುಂದೆ ಡ್ರೈವರ್ ಸೀಟಲ್ಲಿ ಕೂರ್ತೀನಿ. ನೀವು ಹಿಂದೆ ಡೋರು ಹಾಕ್ತೀರಾ? ಒಳಗೆ ಎಷ್ಟು ಕೇಳಿಸುತ್ತೆ ಅಂತ ನೋಡಬೇಕು."

ಹುಡುಗಿ ಭುಜ ಕುಣಿಸಿ ಹಿಂದೆ ಹೋದಳು. ಏಣಿ ಮಡಚಿಕೊಂಡು ಸೀಟಿನಲ್ಲಿ ಕೂತ. ಹೊಸ ಗಾಡಿಯ ವಾಸನೆ. ಕನ್ನಡಿಯಲ್ಲಿ ಅವಳ ತಲೆಯ ಮೇಲ್ಭಾಗವಷ್ಟೇ ಕಾಣುತ್ತಿತ್ತು. ಬಣ್ಣದ ಪುಸ್ತಕವನ್ನು ಎಡಗೈಯಲ್ಲಿ ಎದೆಗೆ ಒತ್ತಿಕೊಂಡೇ ಅವಳು ಪಕ್ಕಕ್ಕೆ ಸರಿದು, ಬಲಗೈಯನ್ನು ಬಾಗಿಲಿನ ಮೂಲೆಗೆ ಕೊಟ್ಟು ಮೇಲೆತ್ತಿ ತಳ್ಳಿದಳು.

ಸದ್ದು ಬೆನ್ನಿಗೆ ಬಂದು ತಾಗಿತು. ಹಿಂದೆ ನಿಂತು ಹಾಕುವಾಗ ಕಿವಿಗೆ ಬರುವ ಸದ್ದು ಬೇರೆ. ಅದು ಒಡೆದು ಬರುತ್ತದೆ, ಕಬ್ಬಿಣಕ್ಕೆ ಕಬ್ಬಿಣ ಬಡಿದ ಹಾಗೆ. ಸೀಟಿನಲ್ಲಿ ಕೂತವನಿಗೆ ಅದು ಗಾಡಿಯ ಮೈಯೊಳಗಿಂದ ಮೊಂಡಾಗಿ ಹರಿದು ಬೆನ್ನುಮೂಳೆಗೆ ಬರುತ್ತದೆ. ಅವನ ತಲೆಯೊಳಗೆ ಇಪ್ಪತ್ತೆರಡು ದಿನದಿಂದ ಬಡಿದುಕೊಳ್ಳುತ್ತಿದ್ದದ್ದು ಈ ಮೊಂಡು ಸದ್ದು.

ಅವನೆದುರು, ಸ್ಟಿಯರಿಂಗಿನ ಹಿಂದೆ, ಸಾಸಿವೆಯಷ್ಟು ಚಿಕ್ಕ ಕೆಂಪು ದೀಪವೊಂದು ಹೊತ್ತಿಕೊಂಡೇ ಇತ್ತು.

"ಅಯ್ಯೋ, ಒಂದು ಕಡೆ ಕೂತಿಲ್ಲ" ಎಂದು ಹುಡುಗಿ ಕಿಟಕಿಯ ಹತ್ತಿರ ಬಂದು ಇಣುಕಿದಳು. "ಹೊಸದರಲ್ಲಿ ಈ ದೀಪ ಕೊಟ್ಟಿದಾರೆ ಸರ್. ಸರಿಯಾಗಿ ಮುಚ್ಚೋವರೆಗೂ ಆರಲ್ಲ. ಹಳೇದರಲ್ಲಿ ಇರಲಿಲ್ಲ." ಹಿಂದೆ ಹೋಗಿ ಇನ್ನೊಂದು ಮೂಲೆಯನ್ನು ಒತ್ತಿದಳು. ಎರಡನೆಯ ಸದ್ದು. ದೀಪ ಆರಿತು.

ಅವತ್ತು ಎರಡನೆಯ ಸದ್ದು ಇರಲಿಲ್ಲ. ಈಗ ಉಳಿದದ್ದೆಲ್ಲ ತಾನಾಗಿ ಬಂದು ಕೂತಿತು. ಇಕ್ಕಟ್ಟಿನ ಓಣಿ. ಹಿಂದೆ ಒಂದು ಕಾರು ಬಂದು ಬಿಡದೆ ಹಾರ್ನ್ ಹೊಡೆಯುತ್ತಿತ್ತು. ಅವನು ಸೀಟಿನಲ್ಲೇ ಕೂತು ಎಂಜಿನ್ ಶುರುಮಾಡಿ, ಕಿಟಕಿಯಿಂದ ತಲೆ ಹಾಕಿ, "ಹಿಂದಿನ ಡೋರು ಹಾಕಿಬಿಡು" ಎಂದಿದ್ದ. ಹೆಂಡತಿ ಅಮ್ಮನ ಗೋಡೆ ಗಡಿಯಾರವನ್ನು ಒಂದು ಕೈಯಲ್ಲಿ ಎದೆಗೆ ಅವಚಿಕೊಂಡು ನಿಂತಿದ್ದಳು, ಅದು ಒಡೆದೀತೆಂದು ಬಸ್ಸಿನಲ್ಲಿ ತಾನೇ ತರುವವಳಿದ್ದಳು. ಅವನ ಎದೆಯ ಮಟ್ಟಕ್ಕೂ ಬಾರದ ಹೆಣ್ಣು. ಬಾಗಿಲು ಹಾಕಿ, ಇನ್ನು ಹೊರಡಿ ಎಂದು ಗಾಡಿಯ ಮೈಯನ್ನು ಎರಡು ಸಲ ತಟ್ಟಿದ್ದಳು.

ಹುಡುಗಿ ಏನೋ ಕೇಳುತ್ತಿದ್ದಳು. ನೀರು ಬೇಕಾ ಎಂದು ಇರಬೇಕು. ಏಣಿ ಎರಡು ಕೈಯಲ್ಲೂ ಸ್ಟಿಯರಿಂಗ್ ಹಿಡಿದುಕೊಂಡು, ನಿಂತ ಗಾಡಿಯಲ್ಲಿ, ಅಲ್ಲಾಡದೆ ಕೂತಿದ್ದ.

ಮನೆಯವರೆಗೂ ನಡೆದೇ ಬಂದ. ತಾನಲ್ಲ ಎಂದು ಗೊತ್ತಾದ ಮೇಲೆ ಎದೆ ಹಗುರಾಗಬೇಕಿತ್ತು. ಎರಡು ಮೂರು ಬೀದಿ ದಾಟುವಷ್ಟು ಹೊತ್ತು ಹಗುರಾದದ್ದೂ ಹೌದು; ಆ ಹಗುರಕ್ಕೆ ಅವನಿಗೇ ಅಸಹ್ಯವಾಯಿತು. ಅವಳಿಗೆ ಗೊತ್ತಿದೆಯೋ ಇಲ್ಲವೋ ಎಂದು ಯೋಚಿಸಿದ. ಗೊತ್ತಿಲ್ಲದಿದ್ದರೆ ಗೊತ್ತಾಗಲೇಬಾರದು. ಈ ಒಂದು ವಿಷಯವನ್ನು ತನ್ನ ಹೊಟ್ಟೆಯೊಳಗೇ ಇಟ್ಟುಕೊಂಡು ಸಾಯಬೇಕು ಎಂದು ಗಟ್ಟಿಮಾಡಿಕೊಂಡು ಬಾಗಿಲು ತಳ್ಳಿದ.

ಮಧ್ಯಾಹ್ನದ ಹೊತ್ತು. ಅತ್ತೆ ಒಳಗೆ ಮಲಗಿದ್ದರು. ಹೆಂಡತಿ ಅಡುಗೆಮನೆಯ ತೊಟ್ಟಿಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದಳು ಎಂಬುದನ್ನು ಅವನು ಅಂದು ಮೊದಲ ಬಾರಿಗೆ ಗಮನಿಸಿದ. ಬಾಗಿಲಿಗೆ ಒರಗಿ ನಿಂತು, ಸುಮ್ಮನೆ ಏನಾದರೂ ಹೇಳಬೇಕೆಂದು, ಶುಕ್ರವಾರ ಹೇಳಿಕೆ ಇದೆ, ನಾನೇ ಹಾಕಿದ್ದು ಅಂತಲೇ ಬರೆಸುತ್ತೇನೆ ಎಂದ.

ನಲ್ಲಿ ಹರಿಯುತ್ತಲೇ ಇತ್ತು. ಅವಳ ಕೈ ನಿಂತಿತು.

"ಸಾಕು" ಎಂದಳು, ತಿರುಗದೆ. "ಇನ್ನೂ ಎಷ್ಟು ದಿನ ನನ್ನನ್ನ ಕಾಪಾಡ್ತೀರಿ?"

ಅವನು ಬಾಗಿಲಿನಿಂದ ಬೆನ್ನು ತೆಗೆದು ನೆಟ್ಟಗಾದ.

"ಅಮ್ಮ ಗೋಡೆಗೆ ಅಷ್ಟೆಲ್ಲ ಹೇಳ್ತಾಳೆ, ನೀವು ತಲೆ ತಗ್ಗಿಸ್ಕೊಂಡು ಹೋಗ್ತೀರಿ. ನಾನು ಇಲ್ಲಿ ನಿಂತು ಕೇಳಿಸ್ಕೋತೀನಿ. ಒಂದೊಂದು ದಿನ ನಿಮ್ಮ ಮೇಲೆ ಸಿಟ್ಟೂ ಬರುತ್ತೆ. ಯಾಕೆ ಇಷ್ಟು ಒಳ್ಳೆಯವರಾಗ್ತೀರಿ ಅಂತ. ನಾನು ಮಾಡಿದ್ದನ್ನ ಹೊತ್ತು ತಿರುಗೋರ ಮುಖ ಹೇಗೆ ನೋಡಲಿ ನಾನು?"

"ನಂಗೆ ಗೊತ್ತಿರಲಿಲ್ಲ" ಎಂದ ಏಣಿ. "ನಾನೇ ಹಾಕಿದ್ದು ಅಂತಲೇ ಅಂದ್ಕೊಂಡಿದ್ದೆ. ಇವತ್ತು ನೆನಪಾಯ್ತು."

ಅವಳು ತಿರುಗಿದಳು. ಇಪ್ಪತ್ತೆರಡು ದಿನದ ಮೇಲೆ ಅವನ ಮುಖ ನೋಡಿದಳು. "ಇವತ್ತಾ?" ಎಂದಳು. "ಹಾಗಾದ್ರೆ ಇಷ್ಟು ದಿನ ನೀವು..." ಎಂದು ಅರ್ಧಕ್ಕೆ ನಿಲ್ಲಿಸಿ, ಒದ್ದೆ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನೆಲಕ್ಕೆ ಕೂತಳು. ಅವನು ನಲ್ಲಿ ನಿಲ್ಲಿಸಿ ಅವಳ ಪಕ್ಕದಲ್ಲಿ, ಕಾಲು ಚಾಚಲು ಜಾಗವಿಲ್ಲದ ಆ ಅಡುಗೆಮನೆಯಲ್ಲಿ, ಹೇಗೋ ಮಡಚಿಕೊಂಡು ಕೂತ. ಒಬ್ಬರ ಮೌನವನ್ನು ಇನ್ನೊಬ್ಬರು ತಪ್ಪಾಗಿ ಓದಿಕೊಂಡು ಒಂದೇ ಮನೆಯಲ್ಲಿ ಇಷ್ಟು ದಿನ ಸತ್ತಿದ್ದರು.

ಮುದುಕ ಹೇಳಿದ್ದನ್ನು ಅವನು ಹೇಳಿದ. ಎರಡು ಕೊಂಡಿ, ಮೂಲೆ, ಮುಚ್ಚಿದಂತೆ ಕಾಣುವುದು, ಹೊಸ ಗಾಡಿಗೆ ದೀಪ ಕೊಟ್ಟಿರುವುದು. ಯಾರು ಹಾಕಿದ್ದರೂ ಆಗುತ್ತಿತ್ತು ಎಂದ. ಕೂರಿಸಿಕೊಂಡವನು ನಾನು, ಇಳಿದು ನೋಡದವನು ನಾನು ಎಂದ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಕೇಳಿಸಿಕೊಂಡು, ತಟ್ಟಿದ್ದು ನಾನು ತಾನೇ, ಹೋಗಿ ಅಂತ ತಟ್ಟಿದ್ದು ನಾನು ಎಂದಳು. ಆಮೇಲೆ ಎದ್ದು, ಸೆರಗಿಗೆ ಕೈ ಒರೆಸಿಕೊಂಡು, ಅಮ್ಮನಿಗೆ ಹೇಳುತ್ತೇನೆ ಎಂದು ಹೊರಟಳು.

ಏಣಿ ಅವಳ ಕೈ ಹಿಡಿದು ನಿಲ್ಲಿಸಿದ. "ಬೇಡ. ಅವರಿಗೆ ಬೈಯೋಕೆ ಒಬ್ಬ ಬೇಕು, ನಾನಿದೀನಿ. ನಿನ್ನನ್ನೂ ಕಳ್ಕೊಂಡ್ರೆ ಅವರಿಗೆ ಇನ್ಯಾರಿದಾರೆ?"

"ದಿನಾ ತುತ್ತು ಮಾಡಿ ತಿನ್ನಿಸ್ತೀನಿ ಅವಳಿಗೆ" ಎಂದಳು ಹೆಂಡತಿ. "ಈ ಕೈಲೇ."

ಆದರೂ ಆ ದಿನ ಹೋಗಲಿಲ್ಲ. ಅವನು ಕೈ ಬಿಡಲಿಲ್ಲ, ಅವಳಿಗೂ ಧೈರ್ಯ ಸಾಲಲಿಲ್ಲ.

ಗುರುವಾರ ಮಾಲೀಕರ ಫೋನು ಬಂತು. ಕೆಟ್ಟ ಮನುಷ್ಯರಲ್ಲ, ಸಾವಿನ ಮನೆಗೆ ಬಂದು ಎರಡು ದಿನ ಕೂತು ಹೋದವರು. ಹುಡುಗನೇ ಕಾಲು ಚಾಚೋಕೆ ಅಂತ ಒಳಗಿಂದ ಬಾಗಿಲು ತೆಗೆದುಬಿಟ್ಟ ಅಂತ ಹೇಳಿಬಿಡು, ಹೋದವನು ಹೋದ, ಇರುವವರಾದರೂ ಉಳಿಯಲಿ ಎಂದರು. ಏಣಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಫೋನಿಟ್ಟ ಮೇಲೆ ಅದನ್ನು ಹೆಂಡತಿಗೆ ಹೇಳಿದ. ತಮ್ಮನ ತಲೆಗೂ ಕಟ್ಟಬೇಕಾ ಇನ್ನು ಎಂದು ಅವಳು ಕೇಳಿದಳು. ಶುಕ್ರವಾರ ತಾನೂ ಬರುವುದಾಗಿ ಹೇಳಿದಳು.

ತನಿಖಾಧಿಕಾರಿಯ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು, ಕಾಗದಗಳ ಮೇಲೆ ಕಲ್ಲಿನ ತುಂಡುಗಳನ್ನು ಇಟ್ಟಿದ್ದರು. ಅಧಿಕಾರಿಗೆ ನೆಗಡಿ. ಗಾಡಿಯನ್ನು ತಾವೇ ಪರೀಕ್ಷೆ ಮಾಡಿರುವುದಾಗಿಯೂ ಕೊಂಡಿಗಳು ಎರಡೂ ಚೆನ್ನಾಗಿವೆ ಎಂದೂ ಹೇಳಿದರು. ಬಲಗಡೆಯ ಕೊಂಡಿ ಕಚ್ಚಿರಲಿಲ್ಲ, ಎಡಗಡೆಯದು ಒಂದೇ ಭಾರ ತಾಳದೆ ಜಾರಿದೆ. ಆಮೇಲೆ ಫಾರಂ ಎಳೆದುಕೊಂಡು ಪ್ರಶ್ನೆ ಶುರುಮಾಡಿದರು. ಲೈಸೆನ್ಸು ಎಷ್ಟು ವರ್ಷದ್ದು. ಅಂದು ಎಷ್ಟು ಭಾರ. ಹಿಂದೆ ಮನುಷ್ಯರನ್ನು ಕೂರಿಸಬಾರದು ಎಂದು ಗೊತ್ತಿತ್ತೇ. ಗೊತ್ತಿತ್ತು ಎಂದ ಏಣಿ. ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ಹೊರಡುವ ಮುಂಚೆ ನೋಡಿದಿರಾ. ಇಲ್ಲ ಎಂದ.

"ಬಾಗಿಲು ಹಾಕಿದ್ದು ನಾನು" ಎಂದಳು ಹೆಂಡತಿ.

ಅಧಿಕಾರಿ ತಲೆ ಎತ್ತಿದರು. ಅವಳು ಕುರ್ಚಿಯಿಂದ ಎದ್ದು ನಿಂತಿದ್ದಳು. ಸತ್ತವನು ನನ್ನ ತಮ್ಮ, ಇವರು ಸೀಟಿನಲ್ಲಿದ್ದರು, ನಾನು ಒಂದು ಕೈಯಲ್ಲಿ ಹಾಕಿದೆ, ಮೂಲೆಗೆ ತಳ್ಳಿದೆ, ನೋಡಲಿಲ್ಲ, ಹೊರಡಿ ಅಂತ ತಟ್ಟಿದೆ. ಎರಡು ದಿನದಿಂದ ಮನಸ್ಸಿನಲ್ಲೇ ಹೇಳಿಕೊಂಡು ಬಂದ ಹಾಗೆ, ಎಲ್ಲೂ ತಡೆಯದೆ ಹೇಳಿ ಮುಗಿಸಿದಳು.

ಅಧಿಕಾರಿ ಪೆನ್ನು ಕೆಳಗಿಟ್ಟರು. ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು.

"ಅಮ್ಮಾ, ಯಾರು ಹಾಕಿದರು ಅನ್ನೋದು ಇದರಲ್ಲಿ ಬರೋದಿಲ್ಲ" ಎಂದರು, ಮೆತ್ತಗೆ. "ಯಾರೇ ಹಾಕಿರಲಿ, ನೋಡಿ ಹೊರಡಬೇಕಾದವನು ಡ್ರೈವರು. ಈ ಫಾರಂನಲ್ಲಿ ಅದಕ್ಕೆ ಜಾಗ ಇಲ್ಲ. ಕೂತ್ಕೊಳ್ಳಿ."

"ಬರ್ಕೊಳ್ಳಿ" ಎಂದಳು ಅವಳು. "ಎಲ್ಲಾದರೂ ಒಂದು ಕಡೆ ಬರ್ಕೊಳ್ಳಿ."

ಅವರು ಬರೆದುಕೊಳ್ಳಲಿಲ್ಲ. ಏಣಿ ಸಹಿ ಹಾಕುವ ಜಾಗಕ್ಕೆ ಗುರುತು ಹಾಕಿ ಫಾರಂ ಅವನ ಮುಂದೆ ತಳ್ಳಿದರು. ವಿಷಯ ಕೋರ್ಟಿಗೆ ಹೋಗುತ್ತದೆ, ಲೈಸೆನ್ಸು ಒಂದು ವರ್ಷವಾದರೂ ಸಿಗುವುದಿಲ್ಲ, ಜೈಲು ಆಗದೆಯೂ ಇರಬಹುದು, ವಕೀಲರೊಬ್ಬರನ್ನು ನೋಡಿಕೊಳ್ಳಿ ಎಂದರು. ಏಣಿ ಸಹಿ ಹಾಕಿದ. ಅವಳು ಇನ್ನೂ ನಿಂತೇ ಇದ್ದಳು. ಅವನು ಭುಜ ಮುಟ್ಟಿದ ಮೇಲೆ, ನಿದ್ದೆಯಿಂದ ಎದ್ದವಳ ಹಾಗೆ ಹಿಂದೆ ಬಂದಳು.

ಬಸ್ಸಿನಲ್ಲಿ ಇಬ್ಬರಿಗೂ ಕೂರಲು ಜಾಗ ಸಿಕ್ಕಿತು. ಬಸ್ಸು ಆ ಸೇತುವೆಯ ಮೇಲೇ ಹೋಗುವುದು. ಏರು ಹತ್ತುವಾಗ ಅವಳು ಕಣ್ಣು ಮುಚ್ಚಲಿಲ್ಲ, ಕಿಟಕಿಯಾಚೆ ನೋಡುತ್ತಲೇ ಇದ್ದಳು. ಅಲ್ಲಿ ಏನೂ ಇರಲಿಲ್ಲ. ಒಬ್ಬ ಸೈಕಲ್ಲಿನವನು ಇಳಿದು ಸೈಕಲ್ಲು ತಳ್ಳಿಕೊಂಡು ಹೋಗುತ್ತಿದ್ದ.

ಮನೆಗೆ ಬಂದವಳು ಅಡುಗೆಮನೆಗೆ ಹೋಗಲಿಲ್ಲ. ಚಪ್ಪಲಿ ಬಿಟ್ಟು ಸೀದಾ ಕೋಣೆಗೆ ನಡೆದಳು. ಏಣಿ ಹಿಂದಿನಿಂದ ಕೈ ಚಾಚಿದ, ಆಮೇಲೆ ಆ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಹೊಸ್ತಿಲ ಈಚೆ ನಿಂತ.

ಅತ್ತೆ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಇಪ್ಪತ್ನಾಲ್ಕು ದಿನದಲ್ಲಿ ಅವರ ಮುಖ ಅರ್ಧಕ್ಕಿಳಿದಿತ್ತು. ಮಗಳು ಮಂಚದ ಪಕ್ಕ ನೆಲದ ಮೇಲೆ ಕೂತಳು. ಅಧಿಕಾರಿಯ ಮುಂದೆ ತಡೆಯಿಲ್ಲದೆ ಬಂದ ಮಾತು ಇಲ್ಲಿ ಬರಲಿಲ್ಲ. ಬಾಗಿಲು, ಎಂದಳು. ಅವರಲ್ಲಮ್ಮ, ಎಂದಳು. ಕೊನೆಗೆ, "ನಾನಮ್ಮ ಹಾಕಿದ್ದು" ಎಂದಳು.

ಹೊರಗೆ ಯಾವುದೋ ಗಾಡಿ ನಿಂತಿತು, ಹೋಯಿತು. ಅತ್ತೆ ಮಗಳನ್ನು ನೋಡಿದರು, ಹೊಸ್ತಿಲಲ್ಲಿ ನಿಂತ ಅಳಿಯನನ್ನು ನೋಡಿದರು, ಮತ್ತೆ ಮಗಳನ್ನು ನೋಡಿದರು. ಅವರು ಈಗ ಕೂಗಬಹುದು, ಎದೆ ಬಡಿದುಕೊಳ್ಳಬಹುದು, ಮುಖ ತಿರುಗಿಸಿ ಗೋಡೆಯ ಕಡೆ ಮಲಗಿಬಿಡಬಹುದು ಎಂದು ಏಣಿ ಒಂದೊಂದಕ್ಕೂ ಸಿದ್ಧನಾಗಿ ನಿಂತಿದ್ದ.

"ಯಾವ ಕೈಲಿ?" ಎಂದು ಕೇಳಿದರು ಅತ್ತೆ.

ಮಗಳು ಬಲಗೈ ಚಾಚಿದಳು. ಹೊಡೆಯುವುದಿದ್ದರೆ ಹೊಡೆಯಲಿ ಎನ್ನುವ ಹಾಗೆ, ಅಂಗೈ ಮೇಲೆ ಮಾಡಿ ಚಾಚಿದಳು. ಅತ್ತೆ ಅದನ್ನು ಎರಡು ಕೈಯಲ್ಲಿ ಹಿಡಿದು ತಮ್ಮ ಮಡಿಲಿಗೆ ಎಳೆದುಕೊಂಡರು. ಕಣ್ಣಿಗೆ ಹತ್ತಿರ ತಂದು ನೋಡಿದರು. ಬಿಡಲಿಲ್ಲ, ಸವರಲೂ ಇಲ್ಲ. ಹೆಬ್ಬೆರಳಿನ ತುದಿಯನ್ನು ಅಂಗೈಯ ಮೇಲೆ ಒತ್ತುತ್ತ, ಸ್ವಲ್ಪ ಸರಿಸಿ ಮತ್ತೆ ಒತ್ತುತ್ತ, ಆಡಿ ಬಂದ ಮಗುವಿನ ಕೈಯಲ್ಲಿ ಮುಳ್ಳು ಎಲ್ಲಿ ಮುರಿದಿದೆ ಎಂದು ಹುಡುಕುವವರಂತೆ, ಕಿಟಕಿಯ ಬೆಳಕಿಗೆ ಬಾಗಿ ಕೂತಿದ್ದರು.